ಹಳೆಯ ಗಾಡಿಯ ಬುಷ್: ಸಂಘ ಕೈಗೆತ್ತಿಕೊಳ್ಳಬೇಕಾದ ಕೆಲಸ

ನಮ್ಮ ಸದಸ್ಯ ಬಾಂಧವರ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳಿವೆ, ಅಂಬಾಸಿಡರ್ ಕಾರುಗಳಿವೆ. ಕೊಯ್ಲಿನಲ್ಲಿ ಕಾಫಿ ಚೀಲ ಹೊರುವುದಕ್ಕೂ ಮಳೆಗಾಲದ ಕೊರಕಲು ದಾರಿಯಲ್ಲಿ ರೋಗಿಯನ್ನು ಪೇಟೆಯ ಆಸ್ಪತ್ರೆಗೆ ಒಯ್ಯುವುದಕ್ಕೂ ಕೆಲವು ಮನೆಗಳಿಗೆ ಅವೇ ಗತಿ. ಇಂಥ ಗಾಡಿಯೊಂದು ಕೊಟ್ಟಿಗೆಯ ಮೂಲೆ ಸೇರಿದರೆ ಎಂಜಿನ್ ಕೆಟ್ಟಿರಬೇಕೆಂದು ಜನ ಊಹಿಸುತ್ತಾರೆ. ಆದರೆ ಎಂಜಿನ್ ಚೆನ್ನಾಗಿದ್ದೂ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಬುಷ್ ಸಿಗದೆ ಗಾಡಿ ನಿಂತುಬಿಡುವುದುಂಟು. ಈ ಬುಷ್ ಹುಡುಕುವ ಕೆಲಸ ಒಬ್ಬೊಬ್ಬ ಸದಸ್ಯನ ಪಾಡಾಗಿ ಉಳಿಯಬಾರದು, ಸಂಘವೇ ಅದನ್ನು ವಹಿಸಿಕೊಳ್ಳಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಬುಷ್ ಎಂದರೆ ಸ್ಪ್ರಿಂಗಿನ ಪಟ್ಟಿಯ ಕಿವಿಯಲ್ಲೂ ಮುಂಗಾಲಿಯ ತೋಳುಗಳ ಕೀಲಿನಲ್ಲೂ ಕೂರುವ ಕೊಳವೆ. ಎರಡು ಉಕ್ಕಿನ ಕೊಳವೆಗಳ ನಡುವೆ ರಬ್ಬರನ್ನು ಬೆಸೆದು ಮಾಡಿದ್ದನ್ನು ಗ್ಯಾರೇಜಿನವರು ಸೈಲೆಂಟ್ ಬುಷ್ ಎನ್ನುತ್ತಾರೆ. ಅಲ್ಲಿ ಲೋಹ ಲೋಹಕ್ಕೆ ಉಜ್ಜುವುದಿಲ್ಲ, ರಬ್ಬರೇ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಅದು ಸವೆದರೆ ಮೊದಲು ಕೇಳುವುದು ಟಕಟಕ ಸದ್ದು. ನಂತರ ಟಯರ್ ಒಂದೇ ಬದಿ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಬಯಲಿನ ನೇರ ರಸ್ತೆಯಲ್ಲಿ ಇದು ಕಿರಿಕಿರಿ ಎನಿಸಬಹುದು. ಚಾರ್ಮಾಡಿ, ಶಿರಾಡಿಯಂಥ ಘಟ್ಟದ ತಿರುವಿನಲ್ಲಿ ಇದು ಪ್ರಾಣದ ಪ್ರಶ್ನೆ.

ಈ ಬುಷ್ ಏಕೆ ಸಿಗುವುದಿಲ್ಲ? ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆಯಲ್ಲಿ ನಿಂತಿತು. ಫಿಯೆಟ್ 1100ರ ಸಂತಾನವಾದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹಳ ಮುಂಚೆಯೇ ನಿಂತಿತ್ತು. ಮುಂಬಯಿಯ ಟ್ಯಾಕ್ಸಿಗಳಿರುವವರೆಗೆ ಪದ್ಮಿನಿಯ ಬಿಡಿಭಾಗಗಳಿಗೆ ದೊಡ್ಡ ಗಿರಾಕಿಯಿತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಬೇಡಿಕೆ ಕುಗ್ಗಿದ ಮೇಲೆ ಅಂಗಡಿಯವನು ಹೊಸ ಸರಕು ತರಿಸುವುದಾದರೂ ಏಕೆ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ದೆಹಲಿಯ ಕಾಶ್ಮೀರಿ ಗೇಟಿನಲ್ಲೋ ಹುಡುಕಿದರೆ ಹಳೆಯ ಡಬ್ಬಿಯಲ್ಲಿ ಹೊಸ ಬುಷ್ ಸಿಕ್ಕೀತು. ಇದರಲ್ಲೂ ಒಂದು ಮೋಸವಿದೆ. ರಬ್ಬರ್ ಡಬ್ಬಿಯಲ್ಲಿದ್ದರೂ ಗಾಳಿಗೆ, ಸೆಕೆಗೆ ವಯಸ್ಸಾಗುತ್ತದೆ. ಮೂವತ್ತು ವರ್ಷ ಕಪಾಟಿನಲ್ಲಿದ್ದ ಬುಷ್ ಹೊಸದಲ್ಲ, ಬಳಸದ ಹಳೆಯದು. ಉಗುರಿನಿಂದ ಒತ್ತಿದರೆ ತಗ್ಗದ, ಮೈಮೇಲೆ ಕೂದಲೆಳೆಯ ಬಿರುಕಿರುವ ಬುಷ್ಷನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಅಳತೆಯದು ಇನ್ನೊಂದು ತೊಡಕು. ಬ್ರಿಟಿಷ್, ಅಮೆರಿಕನ್ ಮೂಲದ ಗಾಡಿಗಳು ಇಂಚಿನವು, ಫಿಯೆಟ್ ಮಿಲಿಮೀಟರಿನದು. ಐದೆಂಟಾಂಶ ಇಂಚೆಂದರೆ 15.875 ಮಿ.ಮೀ. ಆ ಬೋಲ್ಟಿಗೆ 16 ಮಿ.ಮೀ. ಬುಷ್ ಹಾಕಿದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಸದ್ದು ಮಾತ್ರ ಮತ್ತೆ ಶುರುವಾಗುತ್ತದೆ.

ಬಯಲುಸೀಮೆಯವರು ಇಂಥ ಕಷ್ಟಕ್ಕೆ ಹೇಗೆ ಪರಿಹಾರ ಕಂಡುಕೊಂಡಿದ್ದಾರೆಂಬುದನ್ನೂ ನೋಡೋಣ. ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ಅಲ್ಲಿಂದ ಮುಧೋಳ, ಜಮಖಂಡಿಯವರೆಗೂ ಕಬ್ಬಿನ ಸೀಮೆ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಟ್ರೇಲರು ಹಂಗಾಮಿನಲ್ಲಿ ಕೆಟ್ಟು ನಿಂತರೆ ರೈತ ಕಂಪನಿಯ ಡಬ್ಬಿಗಾಗಿ ಕಾಯಲಾರ. ಲೇತ್ ಅಂಗಡಿಯವನು ಹಳೆಯ ತುಂಡನ್ನು ಅಳೆದು ಹೊಸದನ್ನು ಕಡೆದುಕೊಡುತ್ತಾನೆ. ಡಬ್ಬಿಯ ಮೇಲಿನ ಹೆಸರಿಗಿಂತ ಅಳತೆ ಮುಖ್ಯವೆಂಬ ಈ ಬುದ್ಧಿಯನ್ನು ನಾವೂ ಕಲಿಯಬೇಕು. ಆದರೆ ನಿಧಾನ ಸಾಗುವ ಟ್ರೇಲರಿಗೆ ಸಾಕಾಗುವ ನೈಲಾನ್ ಅಥವಾ ಲೋಹದ ತುಂಡು ಕಾರಿನ ರಬ್ಬರ್ ಬುಷ್ಷಿಗೆ ಬದಲಿಯಲ್ಲ. ಅದು ಬಾಗದು, ತಾನು ನುಂಗಬೇಕಾದ ಪೆಟ್ಟನ್ನು ಚಾಸಿಗೆ ದಾಟಿಸುತ್ತದೆ.

ಆದ್ದರಿಂದ ರಬ್ಬರಿನದನ್ನು ರಬ್ಬರಿನಲ್ಲೇ ಮಾಡಿಸಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ರಬ್ಬರನ್ನು ಅಚ್ಚಿನಲ್ಲಿ ಒತ್ತಿ ಬೇಯಿಸುವ ಸಣ್ಣ ಘಟಕಗಳಿವೆ. ಒಬ್ಬನೇ ಹೋಗಿ ನಾಲ್ಕು ಬುಷ್ ಕೇಳಿದರೆ ಅಚ್ಚಿನ ಖರ್ಚೇ ಅವನನ್ನು ಹೆದರಿಸುತ್ತದೆ. ಇಲ್ಲಿಯೇ ಸಹಕಾರದ ಅಗತ್ಯ. ಜೀಪಿನ ನಾಲ್ಕು ಸ್ಪ್ರಿಂಗುಗಳಲ್ಲಿ ತಲಾ ಎರಡು ಕಿವಿ, ಶಾಕಲ್‌ನ ಮೇಲಿನ ತುದಿ ಒಂದೊಂದು, ಒಟ್ಟು ಹನ್ನೆರಡು ಕಡೆ ಬುಷ್ ಬೇಕು. ಹತ್ತು ಸದಸ್ಯರು ಸೇರಿದರೆ ನೂರಿಪ್ಪತ್ತು. ಆಗ ಅಚ್ಚಿನ ಖರ್ಚು ಹಂಚಿಹೋಗುತ್ತದೆ. ಮುಂಗಾರಿಗೆ ಮುನ್ನ ಮೈಲುತುತ್ತವನ್ನು ಒಟ್ಟಾಗಿ ತರಿಸುವ ನಮಗೆ ಇದು ಹೊಸ ಪಾಠವಲ್ಲ.

ಸಂಘದ ಕಚೇರಿಯಲ್ಲಿ ಮೊದಲು ಒಂದು ಅಳತೆಯ ಪುಸ್ತಕ ಇಡಲಿ. ಗಾಡಿಯ ಮಾದರಿ, ತಯಾರಾದ ವರ್ಷ, ಬುಷ್ಷಿನ ಒಳ ಸುತ್ತು, ಹೊರ ಸುತ್ತು, ಉದ್ದ, ರಬ್ಬರಿನ ಗಡಸುತನ ಅದರಲ್ಲಿ ದಾಖಲಾಗಲಿ. ಹಳೆಯ ವಿಲ್ಲಿಸ್ ಜೀಪಿನವರು ಬೇರೆ ಪುಟ ಕೇಳಬೇಕು. ಅದರ ಶಾಕಲ್‌ನಲ್ಲಿರುವುದು ಥ್ರೆಡ್ ಇರುವ ಉಕ್ಕಿನ ಬುಷ್, ಅದರಲ್ಲೂ ಬಲ ಥ್ರೆಡ್, ಎಡ ಥ್ರೆಡ್ ಎಂಬ ಭೇದವಿದೆ. ಅದಕ್ಕೆ ಗ್ರೀಸು ಬೇಕೇ ಬೇಕು. ರಬ್ಬರ್ ಬುಷ್ಷಿಗೆ ಅದೇ ಗ್ರೀಸು ಶತ್ರು.

ಗುಜರಿಗೆ ಹಾಕಿ ಹೊಸ ಗಾಡಿ ಕೊಳ್ಳಲಿ ಎನ್ನುವವರಿದ್ದಾರೆ. ಕೊಳ್ಳಬಲ್ಲವರು ಕೊಳ್ಳಲಿ. ಬೆಲೆ ಏರಿದ ವರ್ಷ ಕೊಂಡ ಗಾಡಿಯ ಕಂತನ್ನು ಬೆಲೆ ಬಿದ್ದ ವರ್ಷವೂ ಕಟ್ಟಬೇಕೆಂಬುದು ಬೆಳೆಗಾರನಿಗೆ ಹೇಳಿಕೊಡಬೇಕಾದ ಮಾತಲ್ಲ. 2021ರ ಕೇಂದ್ರ ನಿಯಮಗಳು ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ಅವಕಾಶ ಕೊಟ್ಟಿವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದುಡಿಯುವ ಗಾಡಿ ಸಾಮಾನ್ಯ ನೋಂದಣಿಯಲ್ಲೇ ಉಳಿದು ಕ್ಷಮತೆಯ ಪರೀಕ್ಷೆಯಲ್ಲಿ ಪಾಸಾಗಬೇಕು. ಅದಕ್ಕೂ ಬುಷ್ ಸರಿಯಿರಬೇಕು.

ಪುತ್ತೂರು, ಸುಳ್ಯ, ಕಾಸರಗೋಡಿನ ಅಡಿಕೆ ಬೆಳೆಗಾರರಲ್ಲಿ ಎಷ್ಟೋ ಮಂದಿ ರಬ್ಬರ್ ಬೆಳೆಗಾರರೂ ಹೌದು. ನಮ್ಮ ಅಂಗಳದಿಂದ ಹೋದ ಹಾಳೆ ಬುಷ್ಷಾಗಿ ನಮಗೆ ಸಿಗದಿರುವುದು ವಿಚಿತ್ರವೇ ಸರಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಅಷ್ಟರೊಳಗೆ ಹಳೆಯ ಗಾಡಿಯುಳ್ಳ ಸದಸ್ಯರು ಬಿಚ್ಚಿದ ಬುಷ್ಷನ್ನು ಎಸೆಯದೆ ಚೀಟಿ ಕಟ್ಟಿ ಇಟ್ಟುಕೊಳ್ಳಲಿ. ಹೊಸ ರಬ್ಬರ್ ಬುಷ್ ಹಾಕಿಸುವವರು ಜಾಕಿಯನ್ನು ಇಳಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬೋಲ್ಟನ್ನು ಕೊನೆಯ ಬಿಗಿ ಬಿಗಿಯುವಂತೆ ಮೆಕ್ಯಾನಿಕ್‌ಗೆ ಹೇಳಲಿ. ಎತ್ತಿದ ಗಾಡಿಯಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.