ಪಡುವಣ ಕಡಲಲ್ಲಿ ಸೂರ್ಯೋದಯ ಮಾಡಿಸುವವರು

ಮದುವೆಗೆ ಮುಂಚಿನ ಫೋಟೊ ಶೂಟ್ ಮಾತಾಡಲು ಚನ್ನಗಿರಿಯ ನನ್ನ ಸ್ಟುಡಿಯೊಗೆ ಬರುವ ಪಾರ್ಟಿಗಳದ್ದು ಈಚೆಗೆ ಒಂದೇ ಬೇಡಿಕೆ: ಕಡಲು, ಕರಿಬಂಡೆ, ನೀರಿನಿಂದ ಏಳುತ್ತಿರುವ ಕೆಂಪು ಸೂರ್ಯ. ಹುಡುಗಿ ಜಗಳೂರಿನವಳು, ಹುಡುಗ ನ್ಯಾಮತಿಯವನು. ಯಾರದೋ ಆಲ್ಬಮ್ಮಿನ ಪುಟವನ್ನು ಮೊಬೈಲಿನಲ್ಲಿ ತೋರಿಸಿ, "ಅಣ್ಣಾ, ಇದೇ ಥರ ಬೇಕು. ಕಾಪು ಬೀಚಲ್ಲಿ, ಬೆಳಗಿನ ಜಾವ" ಅನ್ನುತ್ತಾರೆ. "ಅಲ್ಲಿ ಬೆಳಿಗ್ಗೆ ಸೂರ್ಯ ಸಮುದ್ರದ ಕಡೆ ಇರಲ್ಲಮ್ಮಾ, ಘಟ್ಟದ ಕಡೆಯಿಂದ ಬರ್ತಾನೆ" ಅಂದರೆ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಾರೆ.

ಕಾರವಾರದಿಂದ ಉಳ್ಳಾಲದವರೆಗೆ ಸುಮಾರು 320 ಕಿಲೋಮೀಟರ್ ಉದ್ದದ ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿ ಮಲಗಿದೆ. ಅಳಿವೆ, ಕೊಲ್ಲಿಗಳ ಮಾತು ಬೇರೆ. ತೆರೆದ ಕಡಲಿನ ಮೇಲೆ ಸೂರ್ಯೋದಯ ಬೇಕಿದ್ದರೆ ಪುದುಚೇರಿಗೋ ಪುರಿಗೋ ಹೋಗಬೇಕು. ಹಾಗಿದ್ದರೆ ಆ ಆಲ್ಬಮ್ಮಿನಲ್ಲಿ ಸೂರ್ಯ ಎಲ್ಲಿಂದ ಬಂದ? ಕಂಪ್ಯೂಟರಿನಿಂದ. ಫೋಟೊಶಾಪ್‌ನಲ್ಲಿ 2020ರಿಂದ ಒಂದು ಒತ್ತಿಗೆ ಆಕಾಶವೇ ಬದಲಾಗುತ್ತದೆ. ಬೆನ್ನ ಹಿಂದೆ ಸೂರ್ಯ ಏಳುತ್ತಿದ್ದಾನೆ, ಎದುರಿಗೆ ಮುಖದ ಮೇಲೂ ಎಳೆಬಿಸಿಲು ಬಿದ್ದಿದೆ. ಜೋಡಿಗೆ ಎರಡು ಸೂರ್ಯ! ಆ ಪುಟ ಕಂಡಾಗಲೆಲ್ಲ ನನಗೆ ನಗು ತಡೆಯಲಾಗುವುದಿಲ್ಲ. ಸಂಜೆ ತೆಗೆದು ಬೆಳಗಿನದೆಂದು ಹೇಳುವವರೂ ಉಂಟು. ಅದನ್ನು ಬೇಕಾದರೆ ಮಾಫಿ ಮಾಡಬಹುದು, ಆ ಸೂರ್ಯನಾದರೂ ಅಲ್ಲಿದ್ದವನೇ.

ಇನ್ನೊಂದು ಗುಟ್ಟಿದೆ. ಬಂಡೆ, ಅಲೆ, ಆಕಾಶ ಮೂರನ್ನೂ ಒಟ್ಟಿಗೆ ಹಿಡಿಯಲು ನಾವು ಬಳಸುವುದು ವೈಡ್ ಲೆನ್ಸ್. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 16 ಎಂಎಂ ಹಾಕಿದರೆ, ಹನ್ನೆರಡು ಇಂಚು ಅಗಲದ ಪ್ರಿಂಟಿನಲ್ಲಿ ನಿಜವಾದ ಸೂರ್ಯ ಸಾಸಿವೆ ಕಾಳಿನಷ್ಟು ಬರುತ್ತಾನೆ. ತಟ್ಟೆಯಷ್ಟು ದೊಡ್ಡ ಸೂರ್ಯ ಟೆಲಿ ಲೆನ್ಸಿನ ಕೆಲಸ. ಕಾಲ ಬುಡದ ಬಂಡೆಯೂ ಇದೆ, ದಿಗಂತದಲ್ಲಿ ತಟ್ಟೆಯಂಥ ಸೂರ್ಯನೂ ಇದ್ದಾನೆ ಅಂದರೆ ಯಾರೋ ತಂದು ಅಂಟಿಸಿದ್ದಾರೆ ಎಂದೇ ತಿಳಿಯಿರಿ.

ಜನರ ಆಸೆಯನ್ನು ನಾನು ಹಂಗಿಸುತ್ತಿಲ್ಲ. ಜಗಳೂರಿನ ಕಡೆ ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸಲು ದೀಟೂರಿನಿಂದ 57 ಕೆರೆಗಳ ಏತ ಯೋಜನೆಯೇ ಬೇಕಾಯಿತು. ಬರ ನೋಡಿ ಬೆಳೆದವರು ಮದುವೆಯ ಚಿತ್ರದಲ್ಲಿ ನೀರೇ ನೀರು ಇರಲಿ ಎಂದರೆ ಯಾರು ಬೇಡ ಅಂದಾರು? ನನ್ನ ತಕರಾರು ನಮ್ಮವರ ಮೇಲೆ, ಕ್ಯಾಮೆರಾ ಹಿಡಿದವರ ಮೇಲೆ. ನೂರೆಂಟು ತಿರುವಿನ ಘಟ್ಟ ಇಳಿಸಿ, ನಿದ್ದೆಗೆಡಿಸಿ ಕರೆದುಕೊಂಡು ಹೋಗುತ್ತೇವೆ. ಅಲ್ಲಿನ ಬೆಳಗನ್ನು ಅಳಿಸಿ ಇನ್ನೆಲ್ಲಿಯದೋ ಬೆಳಗನ್ನು ಹಚ್ಚುತ್ತೇವೆ. ಇಷ್ಟಕ್ಕೆ ಕಾಪುವರೆಗೆ ಯಾಕೆ ಹೋಗಬೇಕು? ಸ್ಟುಡಿಯೊದ ಹಸಿರು ಪರದೆಯೇ ಸಾಕಿತ್ತು.

ಪಡುವಣ ಕಡಲಿನ ನಿಜವಾದ ಬೆಳಗನ್ನು ಒಮ್ಮೆ ನಿಂತು ನೋಡಬೇಕು. ಕಾಪುವಿನಲ್ಲಿ 1901ರ ದೀಪಸ್ತಂಭ ಬಂಡೆಯ ಮೇಲೆಯೇ ನಿಂತಿದೆ. ಪಂಚಾಂಗದ ಸೂರ್ಯೋದಯ ಆದಮೇಲೂ ಘಟ್ಟ, ತೆಂಗಿನ ತೋಪು ದಾಟಿ ಬಿಸಿಲು ಬರುವುದು ತಡ. ಅಲ್ಲಿಯವರೆಗೆ ಬಂಡೆಗಳೆಲ್ಲ ನೀಲಿ. ಸೂರ್ಯೋದಯಕ್ಕೆ ತುಸು ಮುಂಚೆ ಸಮುದ್ರದ ಕಡೆ ದಿಗಂತದಲ್ಲಿ ಬೂದು ಪಟ್ಟಿ, ಅದರ ಮೇಲೆ ತೆಳು ಗುಲಾಬಿ. ಆ ಬೂದು ಪಟ್ಟಿ ಭೂಮಿಯದೇ ನೆರಳು. ಆಮೇಲೆ ಬಿಸಿಲು ಸ್ತಂಭದ ತುದಿಗೆ ತಾಗಿ, ನಿಧಾನವಾಗಿ ಇಳಿದು ಬಂಡೆಗೆ ಬರುತ್ತದೆ. ಪಾಚಿ, ಚಿಪ್ಪು, ಕುಳಿಯಲ್ಲಿ ನಿಂತ ನೀರು ಒಂದೊಂದಾಗಿ ಕಾಣುತ್ತವೆ. ವೈಡ್ ಲೆನ್ಸಿಗೆ ಬೇಕಾದದ್ದೇ ಇದು. ಎಫ್ 11 ಇಟ್ಟು ಎರಡೂವರೆ ಅಡಿಗೆ ಫೋಕಸ್ ಮಾಡಿದರೆ ಒಂದೂಕಾಲು ಅಡಿ ದೂರದ ಚಿಪ್ಪಿನಿಂದ ದಿಗಂತದವರೆಗೆ ಎಲ್ಲ ಸ್ಪಷ್ಟ. ಕಷ್ಟವೂ ಇದೆ: ಸೂರ್ಯ ಬೆನ್ನಿಗಿರುವುದರಿಂದ ನಮ್ಮದೇ ನೆರಳು, ಟ್ರೈಪಾಡಿನ ಮೂರು ಕಾಲಿನ ಸಮೇತ, ಉದ್ದಕ್ಕೆ ಫ್ರೇಮಿನೊಳಗೆ ಬಂದು ಬೀಳುತ್ತದೆ. ಪಕ್ಕಕ್ಕೆ ತಿರುಗಬೇಕು, ಇಲ್ಲ ಬಂಡೆಯ ಮರೆಗೆ ಕೂರಬೇಕು. ಪೋಲರೈಸರ್ ಹಾಕಿದರೆ ಆಕಾಶ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿಚು. ಮದುಮಗಳನ್ನಂತೂ ಫ್ರೇಮಿನ ಅಂಚಿಗೆ ನಿಲ್ಲಿಸಲೇಬಾರದು, ತೋಳು ದಪ್ಪಗಾಗಿ ಜಗಳ ಸ್ಟುಡಿಯೊತನಕ ಬರುತ್ತದೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಇದಕ್ಕಿಂತ ಚಂದ, ಆದರೆ ಪ್ರವಾಸಿಗರಿಗೆ ಮುಂಜಾವಿನಲ್ಲಿ ದೋಣಿ ಇಲ್ಲ. ಮರವಂತೆಯಲ್ಲಿ ಕಡಲಿಗೆ ಬೆನ್ನು ಹಾಕಿ ಹೆದ್ದಾರಿ ದಾಟಿದರೆ ಸೌಪರ್ಣಿಕೆಯ ಮೇಲೆ ಸೂರ್ಯ ಸಿಗುತ್ತಾನೆ. ದಂಡೆಯ ಕಲ್ಲುಗಳು ಮಾತ್ರ ಕಡಲ್ಕೊರೆತ ತಡೆಯಲು ಲಾರಿಯಲ್ಲಿ ತಂದು ಸುರಿದವು.

ನೀರಿನಾಚೆಯಿಂದ ಏಳುವ ಸೂರ್ಯನೇ ಬೇಕು ಅನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಜಾಗಗಳಿವೆ. ಶಾಂತಿಸಾಗರ, ಅದೇ ನಮ್ಮ ಸೂಳೆಕೆರೆ, ಆರು ಸಾವಿರ ಎಕರೆಗೂ ಮೀರಿ ಹರಡಿದೆ. ಪಡುವಣ ದಂಡೆಗೆ ಹೋಗಿ ನಿಂತರೆ ಅಂಟಿಸುವ ಕೆಲಸವೇ ಇಲ್ಲ. ಹೊನ್ನಾಳಿ ಇರುವುದು ತುಂಗಭದ್ರೆಯ ಎಡದಂಡೆಯಲ್ಲಿ. ಹೊಳೆ ಬಡಗಣಕ್ಕೆ ಹರಿಯುವುದರಿಂದ ಆ ದಂಡೆಯಲ್ಲಿ ನಿಂತವರಿಗೆ ಎದುರಿಗೇ ಮೂಡಣ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ತಲೆ ಎತ್ತಿರುತ್ತವೆ. ಮಳೆಗಾಲದಲ್ಲಿ ಹೊಳೆಗೆ ಇಳಿಯುವ ಮಾತೇ ಬೇಡ, ಎಷ್ಟು ದುಡ್ಡು ಕೊಟ್ಟರೂ ನಾನು ಬರುವುದಿಲ್ಲ.

ಬುಕಿಂಗ್ ಬರೆದುಕೊಳ್ಳುವಾಗಲೇ ನಾನು ಇದನ್ನೆಲ್ಲ ಹೇಳಿಬಿಡುತ್ತೇನೆ: ಕಾಪುವಾದರೆ ಕಾಪುವಿನ ಬೆಳಗು, ಹೊನ್ನಾಳಿಯಾದರೆ ಹೊನ್ನಾಳಿಯ ಬೆಳಗು, ಆಕಾಶ ಬದಲಿಸಿಕೊಡುವುದಿಲ್ಲ. ಕೆಲವರು ಎದ್ದು ಬೇರೆ ಸ್ಟುಡಿಯೊಗೆ ಹೋಗುತ್ತಾರೆ, ಹೋಗಲಿ. ಹೊನ್ನಾಳಿ ಆಯ್ದುಕೊಂಡವರಿಗೆ ಉಳಿದ ಗಾಡಿ ಬಾಡಿಗೆಯನ್ನು ಬಿಲ್ಲಿನಲ್ಲೇ ಕಳೆದು ಕೊಡುತ್ತೇನೆ.