ಮಳೆನೀರು ಮತ್ತು ಅನರ್ಥದಂಡ ವ್ರತ

ಜೈನಧರ್ಮದ ದೃಷ್ಟಿಯಲ್ಲಿ ನೀರು ಜಡವಸ್ತುವಲ್ಲ. ಅದು ಅಪ್‌ಕಾಯಿಕ ಜೀವಗಳ ಶರೀರ. ಗೃಹಸ್ಥನು ನೀರನ್ನು ಬಳಸದೆ ಬದುಕಲಾರ. ಆದರೆ ಪ್ರಯೋಜನವಿಲ್ಲದೆ ಚೆಲ್ಲುವುದು ಅನರ್ಥದಂಡ. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಇದನ್ನು ಪ್ರಮಾದಚರ್ಯೆ ಎಂದು ಎಣಿಸುತ್ತದೆ.

ರಾಯಚೂರು, ದೇವದುರ್ಗ, ಮಾನ್ವಿಗಳು ಕೃಷ್ಣಾ–ತುಂಗಭದ್ರೆಯರ ನಡುವಿನ ನೆಲದಲ್ಲಿವೆ. ಆದರೂ ಬೇಸಿಗೆಯಲ್ಲಿ ನೀರಿನ ಬವಣೆ ತಪ್ಪದು. ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಬೆರೆತಿದೆ. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 100 ಚದರ ಮೀಟರ್ ಮಾಳಿಗೆಯ ಮೇಲೆ ಸುರಿಯುವುದು 60,000 ಲೀಟರ್. ಅಕ್ಕಿ ಗಿರಣಿ, ಹತ್ತಿ ಗಿರಣಿಗಳ 1,000 ಚದರ ಮೀಟರ್ ಚಾವಣಿಯ ಮೇಲೆ 6 ಲಕ್ಷ ಲೀಟರ್. ಹಿಡಿಯದಿದ್ದರೆ ಅದು ಚರಂಡಿಯ ಪಾಲು.

ಸಂಗ್ರಹವೂ ಪರಿಗ್ರಹವಲ್ಲವೇ ಎಂಬ ಸಂದೇಹ ಸಹಜ. ಆಚಾರ್ಯ ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ. ತೊಟ್ಟಿ ತುಂಬಿದ ಮೇಲೆ ಮಿಕ್ಕ ನೀರನ್ನು ಇಂಗುಗುಂಡಿಗೆ ಬಿಟ್ಟರೆ ಅದು ನೆರೆಯವರ ಬಾವಿಗೂ ಒದಗೀತು. ತನ್ನ ಮಾಳಿಗೆಯ ಮಳೆಯನ್ನು ಬೀದಿಗೆ ಹರಿಸಿ, ಎಲ್ಲರ ಪಾಲಿನ ಅಂತರ್ಜಲವನ್ನು ಕೊಳವೆಬಾವಿಯಿಂದ ಬರಿದುಮಾಡುವುದೇ ನಿಜವಾದ ಪರಿಗ್ರಹ.

ಮೊದಲ ಮಳೆಯನ್ನು ಹೊರಬಿಟ್ಟು, ನಂತರದ ನೀರನ್ನು ಸೋಸಿ ತುಂಬಬೇಕು. ನೀರನ್ನು ಸೋಸಿಯೇ ಬಳಸುವ ಶ್ರಾವಕರಿಗೆ ಇದು ಹೊಸತಲ್ಲ. ತೊಟ್ಟಿಗೆ ಬಿಗಿಯಾದ ಮುಚ್ಚಳವಿದ್ದರೆ ಸೊಳ್ಳೆಗಳು ಹುಟ್ಟವು. ಅವನ್ನು ಕೊಲ್ಲುವ ಹಿಂಸೆಯೂ ಒದಗದು.

ಮಳೆಗಾಲದಲ್ಲಿ ಮುನಿಗಳು ಜೀವರಕ್ಷಣೆಗಾಗಿ ವಿಹಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ನೆಲೆಸುತ್ತಾರೆ. ಅದೇ ಕಾಲದಲ್ಲಿ ಗೃಹಸ್ಥನೂ ವರ್ತಕನೂ ತಮ್ಮ ಸೂರಿನ ನೀರನ್ನು ವ್ಯರ್ಥಗೊಳಿಸೆವೆಂಬ ನಿಯಮವನ್ನು ಕೈಗೊಳ್ಳುವುದು ಉಚಿತ.