ಕೈಗೆ ಗ್ರೀಸ್ ಅಂಟಲಿ

ಕಳೆದ ವರ್ಷ ಆಯುಧಪೂಜೆಯ ದಿನ ವಾಕಡ್‌ನ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಮದುಮಗನ ಹಾಗೆ ನಿಂತಿತ್ತು. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಮೋಟು ಮಾಡಿದ್ದರು. ಟ್ಯಾಂಕಿಗೆ ಮ್ಯಾಟ್ ಕಪ್ಪು ಬಣ್ಣ, ಅದರ ಮೇಲೆ ಹೊಂಬಣ್ಣದ ಗಂಡಭೇರುಂಡ. ಮಾಲೀಕರು ನಮ್ಮವರೇ, ಹಾಸನದ ಕಡೆಯವರು, ಹಿಂಜವಡಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಕುಂಕುಮ, ಚೆಂಡುಹೂವು, ಬೂದುಗುಂಬಳ ಎಲ್ಲ ಆಯಿತು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಿಕ್ ಹೊಡೆದರು. ಗಾಡಿ ಕೆಮ್ಮಲೂ ಇಲ್ಲ. ಇಪ್ಪತ್ತು ಕಿಕ್ ಆದಮೇಲೆ ಬೆವರೊರೆಸಿಕೊಂಡು ಗಾಡಿ ಕಟ್ಟಿಕೊಟ್ಟ ಅಂಗಡಿಗೆ ಫೋನ್ ಮಾಡಿದರು. ಹಬ್ಬದ ದಿನ, ಯಾರೂ ಎತ್ತಲಿಲ್ಲ.

"ಪ್ಲಗ್ ಬಿಚ್ಚಿ ಎಷ್ಟು ದಿನ ಆಯ್ತು ಸರ್?" ಎಂದೆ.

"ಅದನ್ನೆಲ್ಲ ಅವರೇ ನೋಡ್ಕೋತಾರೆ."

"ಸ್ಪಾನರ್ ತರ್ತೀನಿ, ಐದು ನಿಮಿಷದ ಕೆಲಸ."

"ಬೇಡ ಬಿಡಿ, ಪೇಂಟಿಗೆ ಗೀರು ಬಿದ್ದೀತು."

ಕೊನೆಗೆ ನಾಲ್ಕು ಜನ ಎಂಜಿನಿಯರುಗಳು ಸೇರಿ, ಗಾಡಿಯನ್ನು ಹಿಂದಿನಿಂದ ತಳ್ಳಿ, ನಿಂಬೆಹಣ್ಣು ಒಡೆದೆವು.

ಅವರನ್ನು ಗೇಲಿ ಮಾಡುವ ಹಕ್ಕು ನನಗಿಲ್ಲ. ಹತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ನಾನಿದ್ದೆ. ಅಪ್ಪನ ಯೆಜ್ಡಿಯನ್ನು ದಾವಣಗೆರೆಯಿಂದ ಪುಣೆಗೆ ತರಿಸಿಕೊಂಡು, ಅಂಗಡಿಯಲ್ಲಿ ಅಂದಗೊಳಿಸಿಕೊಂಡು, ಸಾತಾರಾ ಕಡೆ ಹೊರಟವನು ಖಂಬಾಟಕಿ ಘಾಟಿಯಲ್ಲಿ ನಿಂತುಬಿಟ್ಟೆ. ಥರ್ಮಲ್‌ನಲ್ಲಿ ಎಂ.ಟೆಕ್. ಮಾಡಿದವನು ನಾನು. ಟೂ ಸ್ಟ್ರೋಕ್ ಎಂಜಿನ್ನಿನ ಚಕ್ರವನ್ನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೆ ಗಾಡಿ ಯಾಕೆ ನಿಂತಿತು ಎಂದು ಹೇಳಲಾರೆ. ಪಕ್ಕದಲ್ಲಿ ನಿಂತಿದ್ದ ಲಾರಿಯ ಕ್ಲೀನರ್ ಹುಡುಗ ಬಂದು ಪ್ಲಗ್ ಬಿಚ್ಚಿದ. ಎರಡು ತುದಿಗಳ ನಡುವೆ ಸಾಸಿವೆಗಿಂತ ಚಿಕ್ಕ ಇಂಗಾಲದ ಕಣ ಸೇತುವೆಯಂತೆ ಕೂತಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಹಾಕಿದ, ಗಾಡಿ ಹೊರಟಿತು. ನೂರು ರೂಪಾಯಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಇದಕ್ಕೇನು ದುಡ್ಡು ಎಂಬ ಅವನ ಮುಖ ಇನ್ನೂ ನೆನಪಿದೆ.

ಹಾಗಾಗಿ ನನ್ನ ತಕರಾರು ಇಷ್ಟೇ. ದುಡ್ಡು ಕೊಟ್ಟು ಬೇರೆಯವರ ಕೈಯಲ್ಲಿ ಬದಲಾಯಿಸಿದ ಗಾಡಿಯನ್ನು ನಾವು 'ಕಸ್ಟಮ್' ಎನ್ನುತ್ತೇವೆ, 'ನನ್ನದು' ಎನ್ನುತ್ತೇವೆ. ಬಿಚ್ಚಿ ಜೋಡಿಸಲು ಬಾರದ ಯಂತ್ರ ನಮ್ಮದಲ್ಲ. ಅದರ ಕಂತು ಮಾತ್ರ ನಮ್ಮದು.

ಯೆಜ್ಡಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಫಾರೂಕ್ ಇರಾನಿಯವರ ಸಾಹಸ, ಜಯಚಾಮರಾಜೇಂದ್ರ ಒಡೆಯರ ಬೆಂಬಲ, ಜೆಕ್ ದೇಶದ ತಂತ್ರಜ್ಞಾನ. 1996ರಲ್ಲಿ ಅದು ಬಾಗಿಲು ಹಾಕಿತು. ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ, ವಾರಂಟಿ ಇಲ್ಲ, ದೂರು ಹೇಳಿಕೊಳ್ಳಲು ಒಂದು ನಂಬರೂ ಇಲ್ಲ. ಆದರೂ ಆ ಗಾಡಿಗಳು ಇವತ್ತಿಗೂ ಓಡುತ್ತಿವೆ. ಓಡಿಸಿದವರು ಗಲ್ಲಿಯ ಮೆಕ್ಯಾನಿಕ್‌ಗಳು, ಮತ್ತು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಳೆ ಪಂಚೆ ಉಟ್ಟು ಪಾಯಿಂಟ್ಸ್ ಉಜ್ಜುತ್ತಿದ್ದ ನಮ್ಮ ಅಪ್ಪಂದಿರು. ನಾವಾದರೋ ಆ ಗಾಡಿಯ ಮೇಲೆ 'ಮೇಡ್ ಇನ್ ಮೈಸೂರು' ಎಂದು ಅಂಟಿಸಿ, ನವೆಂಬರ್ ಒಂದರಂದು ಬಾವುಟ ಕಟ್ಟಿ, ಫೋಟೋ ತೆಗೆಸಿಕೊಳ್ಳುತ್ತೇವೆ. ಮೈಸೂರಿನ ಕಾರ್ಮಿಕರ ಕೈಕೆಲಸಕ್ಕೆ ಇದೇ ಏನು ಗೌರವ?

ಇನ್ನು ಅಪ್‌ಗ್ರೇಡ್ ಎಂಬ ಹುಚ್ಚು. ಮೊದಲು ಎಲ್ಲರೂ ಕೈಹಾಕುವುದು ಸೈಲೆನ್ಸರಿಗೆ. ಒಳಗಿನ ಬ್ಯಾಫಲ್ ಕಿತ್ತರೆ ಶಬ್ದ ಹೆಚ್ಚುತ್ತದೆ, ಶಬ್ದ ಹೆಚ್ಚಿದರೆ ಶಕ್ತಿ ಹೆಚ್ಚಿತು ಎಂಬ ನಂಬಿಕೆ. ಟೂ ಸ್ಟ್ರೋಕ್‌ನಲ್ಲಿ ಇದು ಶುದ್ಧ ತಪ್ಪು. ಅಲ್ಲಿ ಹೊಸ ಪೆಟ್ರೋಲ್ ಮಿಶ್ರಣ ಒಳಬರುವಾಗಲೇ ಹಳೆ ಹೊಗೆ ಹೊರಹೋಗುತ್ತಿರುತ್ತದೆ. ಬಂದ ಮಿಶ್ರಣ ಹೊಗೆಯ ಜೊತೆ ಓಡಿಹೋಗದಂತೆ ತಡೆಯುವುದರಲ್ಲಿ ಸೈಲೆನ್ಸರಿಗೂ ಪಾಲಿದೆ. ಅದನ್ನು ಕಿತ್ತರೆ ಉರಿಯದ ಪೆಟ್ರೋಲು ಸೀದಾ ಹೊರಗೆ. ಘಾಟಿಯಲ್ಲಿ ಗಾಡಿ ಏದುಸಿರು ಬಿಡುತ್ತದೆ, ಬಡಾವಣೆಯ ಮಕ್ಕಳಿಗೆ ನಿದ್ದೆಯಿಲ್ಲ.

ಕಾನೂನೂ ಇದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಕಸ್ಟಮ್ ಪ್ರಿಯರು ಇದನ್ನು ಬಯ್ಯುತ್ತಾರೆ, ನಾನು ಬಯ್ಯಲಾರೆ. ಫ್ರೇಮ್ ಕತ್ತರಿಸಿ ಎಲ್ಲೆಂದರಲ್ಲಿ ಬೆಸುಗೆ ಹಾಕಿದ ಗಾಡಿ ನನ್ನ ಮಗಳ ಶಾಲೆಯ ರಸ್ತೆಯಲ್ಲೇ ಓಡುವುದು. ಆದರೆ ಸವೆದ ಬ್ರೇಕ್ ಶೂ ಬದಲಿಸುವುದನ್ನು, ಕಾರ್ಬುರೇಟರ್ ತೊಳೆಯುವುದನ್ನು, ಗಟ್ಟಿಯಾದ ಪೆಟ್ರೋಲ್ ಪೈಪು ಕಿತ್ತು ಹೊಸದು ಹಾಕುವುದನ್ನು ಯಾವ ಕಾನೂನೂ ತಡೆದಿಲ್ಲ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ, ಹಳೆ ರಬ್ಬರನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗಿನ ಮ್ಯಾಟ್ ಬಣ್ಣ ಅದನ್ನು ನಿಲ್ಲಿಸುವುದಿಲ್ಲ.

"ಟೈಮ್ ಎಲ್ಲಿದೆ ಸ್ವಾಮಿ? ನನ್ನ ಒಂದು ಗಂಟೆಯ ಬಿಲ್ಲಿಂಗ್ ರೇಟು ಗೊತ್ತಾ?" ಎನ್ನುವವರಿದ್ದಾರೆ. ಗೊತ್ತು, ಆ ಎಕ್ಸೆಲ್ ಶೀಟು ತುಂಬುವವನೇ ನಾನು. ಆದರೆ ಭಾನುವಾರದ ಆ ಗಂಟೆಯನ್ನು ಯಾವ ಕ್ಲೈಂಟಿಗೂ ಮಾರುತ್ತಿಲ್ಲ, ಫೋನ್ ಉಜ್ಜುತ್ತ ಕಳೆಯುತ್ತೇವೆ.

"ಎಲ್ಲರೂ ತಾವೇ ಮಾಡಿಕೊಂಡರೆ ಮೆಕ್ಯಾನಿಕ್ ಹೊಟ್ಟೆಪಾಡು?" ಇದು ಒಳ್ಳೆಯ ಪ್ರಶ್ನೆ. ನಾನಾ ಪೇಠೆಯಲ್ಲಿ ನನಗೆ ಕೆಲಸ ಕಲಿಸಿದ ಚಾಚಾಗೆ ಎಪ್ಪತ್ತು ದಾಟಿದೆ. ಪಾಯಿಂಟ್ಸ್ ಗ್ಯಾಪ್ 0.4 ಮಿ.ಮೀ. ಎಂದು ಪುಸ್ತಕ ಹೇಳುತ್ತದೆ. ಫೀಲರ್ ಗೇಜ್ ಆ ಸಂದಿಯಲ್ಲಿ ಎಷ್ಟು ಬಿಗಿಯಾಗಿ ಜಾರಬೇಕು ಎಂದು ನನ್ನ ಬೆರಳು ಹಿಡಿದು ತೋರಿಸಿದವರು ಅವರು. ಅವರ ಮಗ ಸ್ಕೂಟರಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ, ಅಂಗಡಿಗೆ ಬರುವುದಿಲ್ಲ. ನಾನು ಕಲಿತಮೇಲೆ ಅವರಿಗೆ ಕೊಡುವ ದುಡ್ಡು ಕಡಿಮೆಯಾಗಿಲ್ಲ. ಕ್ರ್ಯಾಂಕ್ ಬೇರಿಂಗು, ಸಿಲಿಂಡರ್ ಬೋರಿಂಗ್ ಇವತ್ತಿಗೂ ಅವರ ಕೈಗೇ. ಆದರೆ ಆ ಕೆಲಸದ ಬೆಲೆ ಈಗ ನನಗೆ ಗೊತ್ತು, ಹಾಗಾಗಿ ಚೌಕಾಸಿ ಮಾಡುವುದಿಲ್ಲ.

"ಅಪಾಯ ಅಲ್ವಾ?" ಅಪಾಯವೇ. ಒಮ್ಮೆ ಹಿಂದಿನ ಚಕ್ರ ಜೋಡಿಸಿದವನು ಬ್ರೇಕ್ ಅಡ್ಜಸ್ಟರಿನ ನಟ್ಟು ಬಿಗಿಯಲು ಮರೆತೆ. ಸೂಸ್ ರಸ್ತೆಯ ಇಳಿಜಾರಿನಲ್ಲಿ ಪೆಡಲು ಒತ್ತಿದರೆ ಬರಿದೇ ಕೆಳಗಿಳಿಯಿತು. ಮುಂದಿನ ಬ್ರೇಕ್ ಹಿಡಿಯಿತು, ಬದುಕಿದೆ. ಅಂದಿನಿಂದ ಬಿಚ್ಚಿದ ಪ್ರತಿ ನಟ್ಟೂ ಪಟ್ಟಿಯಲ್ಲಿರುತ್ತದೆ. ಬ್ರೇಕ್ ಮುಟ್ಟಿದ ದಿನ ಚಾಚಾ ಒಮ್ಮೆ ನೋಡದೆ ರಸ್ತೆಗಿಳಿಯುವುದಿಲ್ಲ. ಆಫೀಸಿನಲ್ಲಿ ಟೆಸ್ಟ್ ಮಾಡದೆ ರಿಲೀಸ್ ಮಾಡಿದರೆ ಇಮೇಲ್ ಬರುತ್ತದೆ. ಇಲ್ಲಿ ಆಂಬುಲೆನ್ಸ್ ಬರುತ್ತದೆ.

ನನಗೆ ನಿಜವಾದ ಸಿಟ್ಟಿರುವುದು ಬೇರೆ ಕಡೆ. ಪಾರ್ಕಿಂಗಿನಲ್ಲಿ ಗಾಡಿ ಬಿಚ್ಚಬಾರದು, 'ಸೊಸೈಟಿಯ ಘನತೆ'ಗೆ ಧಕ್ಕೆ ಎಂದು ನಮ್ಮ ಕಮಿಟಿ ನೋಟಿಸ್ ಅಂಟಿಸಿದೆ. ನಾನು ಕೆಳಗೆ ರಟ್ಟು ಹಾಸುತ್ತೇನೆ, ಒಂದು ಹನಿ ಎಣ್ಣೆ ಬೀಳಿಸುವುದಿಲ್ಲ. ಅವರಿಗೆ ಕಷ್ಟವಾಗಿರುವುದು ಎಣ್ಣೆಯಲ್ಲ, ಮ್ಯಾನೇಜರ್ ನೆಲದ ಮೇಲೆ ಕೂತಿದ್ದಾನೆ ಎಂಬುದು. ಕೈ ಕೊಳೆಯಾದವರು ಬೇರೆ ಜನ, ನಾವು ಬೇರೆ ಜನ ಎಂಬ ಈ ಹಳೆ ರೋಗವನ್ನು ಊರಿನಿಂದ ಗಂಟುಮೂಟೆಯ ಜೊತೆಗೇ ತಂದಿದ್ದೇವೆ. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿತು, ಅದರ ಪಟ್ಟಿಯಲ್ಲಿ ವಾಹನಗಳೂ ಇವೆ. ಬಿಡಿಭಾಗ, ಕೈಪಿಡಿ ಕೊಡಿ ಎಂದು ಕಂಪನಿಗಳನ್ನು ಕೇಳೋಣ. ಆದರೆ ಸ್ಪಾನರ್ ಹಿಡಿಯಲು ನಾಚುವ ಕೈಗೆ ಹಕ್ಕು ಸಿಕ್ಕಿ ಏನು ಪ್ರಯೋಜನ?

ಹಾಸನದ ಗೆಳೆಯರೇ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ಬರುವ ಆಯುಧಪೂಜೆಗೆ ನಿಂಬೆಹಣ್ಣು ನಾನು ತರುತ್ತೇನೆ. ಅದಕ್ಕೆ ಮುಂಚಿನ ಭಾನುವಾರ ನೀವು ಒಂದು ಪ್ಲಗ್ ಸ್ಪಾನರ್ ಹಿಡಿದು ಕೆಳಗೆ ಬನ್ನಿ. ನೋಟಿಸಿನ ಕೆಳಗೇ ಕೂರೋಣ.